ಯೊಕಿಯ ತಲೆಗೆ ಸುತ್ತಿದ ಟವೆಲು

ಸಾನ್ ಪೆದ್ರೋ ದೆ ಮಕೋರಿಸ್
ಜುಲೈ ೧೬, ಭಾನುವಾರ

ಮುದ್ದಿನ ತಂಗಿ ನೂರಿಸ್‌ಗೆ,

ಅಕ್ಕನ ಅಪ್ಪುಗೆ, ಎರಡು ಕೆನ್ನೆಗೂ ಮುತ್ತು. ಮೊದಲು ನನ್ನನ್ನು ಚೆನ್ನಾಗಿ ಬೈದುಬಿಡು, ಆಮೇಲೆ ಓದು. ಕಾಗದ ಬರೆಯುತ್ತೇನೆ, ಬರೆಯುತ್ತೇನೆ ಎಂದು ಈಸ್ಟರಿನಿಂದ ನಿನ್ನ ಕಿವಿ ತೂತು ಮಾಡಿದ್ದೇನೆ. ಮೊಣಕಾಲು ನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಮುದುಕಪ್ಪನನ್ನು ಸ್ನಾನದ ತೊಟ್ಟಿಯಿಂದ ಒಬ್ಬಳೇ ಎತ್ತಬೇಡ ಎಂದು ಎಷ್ಟು ಸಲ ಹೇಳಬೇಕು? ಅವನ ಮಗನಿಗೆ ಕೈಯಿಲ್ಲವೇ? ಬಂದು ಒಂದು ಕಡೆ ಹಿಡಿಯಲಿ.

ಇಲ್ಲಿ ಎಲ್ಲರೂ ಉಸಿರಾಡಿಕೊಂಡಿದ್ದೇವೆ. ಕರೆಂಟು ಮಧ್ಯಾಹ್ನಕ್ಕೆ ಹೋದರೆ ಸಂಜೆಗೆ ಬರುತ್ತದೆ, ಅಷ್ಟರಲ್ಲಿ ಅಮ್ಮನ ಸಲೂನಿನಲ್ಲಿ ಅರ್ಧ ಒಣಗಿದ ತಲೆಗಳು ರೋಲರ್ ಸುತ್ತಿಕೊಂಡು ಸರ್ಕಾರಕ್ಕೆ ಶಾಪ ಹಾಕುತ್ತ ಕೂತಿರುತ್ತವೆ. ಈ ಮನೆಯಲ್ಲಿ ಗುಟ್ಟಿನ ಫೋನು ಮಾಡುವಂತಿಲ್ಲ. ಡ್ರೈಯರ್ ನಿಂತ ಕ್ಷಣ ಇಡೀ ಬೀದಿಯ ಕಿವಿ ನಮ್ಮ ಕಡೆಗೇ. ಅದಕ್ಕೇ ಈ ಕಾಗದ. ಬುಧವಾರ ವಿಮಾನ ಹತ್ತುವ, ನಮ್ಮ ಬೀದಿಯ ಕ್ರುಸೀತಾಳ ಅಳಿಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಗಟ್ಟಿಯಾಗಿ ಅಂಟಿಸಿಯೇ ಕೊಡುತ್ತೇನೆ ಬಿಡು. ಆ ಮನೆಯವರಿಗೆ ಬೇರೆಯವರ ಲಕೋಟೆ ಕಂಡರೆ ಬಾಯಲ್ಲಿ ನೀರೂರುತ್ತದೆ.

ಈಗ ಕುರ್ಚಿ ಎಳೆದುಕೊಂಡು ಕೂತುಕೋ. ನಿನ್ನ ಮಗಳ ವೀಸಾ ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಅಮ್ಮ ನಿನಗೆ ಮೊನ್ನೆ ಹೇಳಿದಳಲ್ಲ, ಅದು ಸುಳ್ಳು. ವೀಸಾ ಬಂದು ಅಮ್ಮನ ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ಬೆಚ್ಚಗೆ ಮಲಗಿದೆ. ಬರುವುದಿಲ್ಲ ಎನ್ನುತ್ತಿರುವುದು ಯೊಕಿಯೇ. ಆಗಸ್ಟಿನಲ್ಲಿ ನಿನ್ನ ಹತ್ತಿರ ಮ್ಯಾಡ್ರಿಡ್‌ಗೆ ಹೋಗುವುದಿಲ್ಲ, ಯಾವತ್ತೂ ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ. ಎದೆ ಹಿಡಿದುಕೊಳ್ಳಬೇಡ. ಪ್ರೇಮಗೀಮ ಏನೂ ಇಲ್ಲ. ಜಗಳ ಶುರುವಾದದ್ದು ಕೂದಲಿನಿಂದ.

ನನ್ನ ಕೂದಲಿನ ಕಥೆ ನಿನಗೆ ಗೊತ್ತೇ ಇದೆ. ಹಣೆಯಂಚಿನ ಕೂದಲು ಬಾಚಣಿಗೆಯ ಜೊತೆಗೇ ಬರತೊಡಗಿದಾಗ ಕೂದಲು ನೆಟ್ಟಗೆ ಮಾಡುವ ಈ ಕ್ರೀಮಿನ ಸಹವಾಸ ಸಾಕಪ್ಪಾ ಎಂದು ಹೋದ ವರ್ಷ ಎಲ್ಲ ಕತ್ತರಿಸಿ, ನನ್ನದೇ ಗುಂಗುರು ಬೆಳೆಯಲು ಬಿಟ್ಟೆ. ಅಮ್ಮ ಒಂದು ತಿಂಗಳು ನನ್ನನ್ನು ಹಿತ್ತಲ ಬಾಗಿಲಿನಿಂದ ಓಡಾಡಿಸಿದಳು. "ಮುಂದಿನ ಬಾಗ್ಲಿಂದ ಬರ್ಬೇಡ ಕಣೇ, ಬಂದೋರು ನಾನೇ ನಿನ್ ತಲೆ ಸುಟ್ಟೆ ಅಂದ್ಕೋತಾರೆ." ನಾನು ದುಡಿಯುವ ಔಷಧಿ ಅಂಗಡಿಯ ಮಾಲೀಕ ಬಹಳ ಮರ್ಯಾದೆಯಿಂದ ಒಂದು ಟೋಪಿ ತಂದುಕೊಟ್ಟ. ಬಿಸಿಲಿಗೆ ನೀವೇ ಹಾಕಿಕೊಳ್ಳಿ ಸ್ವಾಮಿ ಎಂದು ಅವನ ಬೋಳುತಲೆಯ ಕಡೆ ನೋಡಿದೆ. ಮೋಟಾರ್‌ಸೈಕಲ್ ಹುಡುಗರಂತೂ ಮೂಲೆಯಲ್ಲಿ ನಿಂತು, "ಅಕ್ಕಾ, ನಿಮ್ ಬೀದಿಗೆ ಕರೆಂಟ್ ಬಂತಾ? ಬೆರಳಿಟ್ಟು ನೋಡಿದ್ರಾ?" ಎಂದು ಕೂಗುತ್ತಿದ್ದರು. "ಬಂತು ಕಣೋ, ನಿಮ್ಮಪ್ಪನ್ನೂ ಕಳ್ಸು, ಅವ್ನೂ ಇಟ್ಟು ನೋಡ್ಲಿ" ಎಂದೆ.

ಇದನ್ನೆಲ್ಲ ಯೊಕಿ ನೋಡುತ್ತಲೇ ಇದ್ದಳು. ಜನವರಿಯಲ್ಲಿ ಬೇರಿನ ಹತ್ತಿರದ ಹೊಸ ಕೂದಲಿಗೆ ಕ್ರೀಮು ಹಚ್ಚಲು ಅಮ್ಮ ಕರೆದಾಗ ತಲೆನೋವು ಎಂದಳು. ಮಾರ್ಚಿನಲ್ಲಿ ಪರೀಕ್ಷೆ ಎಂದಳು. ಮೇ ತಿಂಗಳಲ್ಲಿ, ತಾಯಂದಿರ ಹಬ್ಬದ ಹಿಂದಿನ ದಿನ, ಕತ್ತರಿ ತಂದು ನನ್ನ ಕೈಗೆ ಕೊಟ್ಟು, "ದೊಡ್ಡಮ್ಮ, ತುದಿಯಲ್ಲಿರೋ ಈ ಸತ್ತ ಕೂದ್ಲನ್ನೆಲ್ಲ ತೆಗ್ದುಬಿಡು" ಎಂದಳು. ತೆಗೆದೆ. ಉಳಿದದ್ದು ನಾಲ್ಕು ಬೆರಳಷ್ಟು ಇರಬೇಕು. ನೀರು ಬಿದ್ದದ್ದೇ ತಡ, ಸುರುಳಿ ಸುರುಳಿಯಾಗಿ ಎದ್ದು ನಿಂತುಬಿಟ್ಟಿತು. ಹುಡುಗಿ ಕನ್ನಡಿಯ ಮುಂದೆ ನಿಂತು ಎರಡೂ ಕೈಯಿಂದ ಒತ್ತಿ ಒತ್ತಿ ನೋಡಿಕೊಂಡು, "ಇದು ನಂದೇನಾ?" ಎಂದಳು. ನನಗೆ ಅಳು ಬಂತು ಕಣೇ, ಏನು ಮಾಡಲಿ.

ನೀನು ಅದನ್ನು ನೋಡಿಲ್ಲ. ಆವತ್ತಿನಿಂದ ಪ್ರತಿ ಭಾನುವಾರ ಫೋನಿನ ಪರದೆಯಲ್ಲಿ ನಿನಗೆ ಕಾಣುವುದು ಅವಳ ತಲೆಗೆ ಸುತ್ತಿದ ಟವೆಲು. "ಈಗ್ತಾನೆ ತಲೆಗೆ ನೀರು ಹಾಕ್ಕೊಂಡೆ ಅಮ್ಮಾ" ಎನ್ನುತ್ತಾಳೆ. ನೀನು ನಗುತ್ತೀಯ, ಎಷ್ಟು ಶುಭ್ರವಾಗಿದ್ದಾಳೆ ನನ್ನ ಮಗಳು ಎಂದು. ಅಮ್ಮನೂ ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತಾಳೆ. ಅವಳ ಲೆಕ್ಕಾಚಾರ ಬೇರೆಯೇ ಇತ್ತು. "ಹೋಗೋಕ್ ಮುಂಚೆ ನೆಟ್ಟಗೆ ಮಾಡಿ ಕಳಿಸ್ತೀನಿ. ಆರು ವರ್ಷ ಕಂಡೋರ ಮೈ ತೊಳ್ದು ನೂರಿಸ್ ಮಗಳನ್ನ ಕರೆಸ್ಕೋತಿದಾಳೆ. ಮಗು ವಿಮಾನದಿಂದ ಇಳಿದ್ರೆ ಹೆಗಲ ಮೇಲೆ ಕೂದ್ಲು ಆಡ್ತಿರ್ಬೇಕು. ಪೊದೆ ಹೊತ್ಕೊಂಡು ಇಳೀಬೇಕಾ?" ನಾಲ್ಕು ಬೆರಳು ಕೂದಲು ಹೆಗಲಿಗೆ ಹೇಗೆ ಬರುತ್ತದೆ ಎಂದು ಕೇಳಿದ್ದಕ್ಕೆ ನನಗೇ ಬೈಗುಳ.

ಅಮ್ಮ ಮೊನ್ನೆಯ ಶುಕ್ರವಾರಕ್ಕೆ ದಿನ ಗೊತ್ತು ಮಾಡಿದ್ದಳು. ಮಂಗಳವಾರವೇ ಅಪ್ಪಣೆ ಆಗಿತ್ತು: "ತಲೆಗೆ ನೀರು ಮುಟ್ಟಿಸ್ಬೇಡ, ಕೆರ್ಕೋಬೇಡ, ಬಾಚಣಿಗೆ ಹಲ್ಲು ಚರ್ಮಕ್ಕೆ ತಾಗಬಾರ್ದು." ನಿನಗೂ ನೆನಪಿದೆಯಲ್ಲ, ಕ್ರೀಮಿನ ವಾರ ಬಂತೆಂದರೆ ನಾವಿಬ್ಬರೂ ತುರಿಕೆ ತಡೆಯಲಾರದೆ ಅಂಗೈಯಿಂದ ತಲೆ ತಟ್ಟಿಕೊಂಡು ಓಡಾಡುತ್ತಿದ್ದದ್ದು? ಕೆರೆದ ಜಾಗಕ್ಕೆ ಕ್ರೀಮು ಬಿದ್ದರೆ ಚರ್ಮ ಎದ್ದು ಬರುತ್ತದೆ. ಗಾಯದ ತಲೆಗೆ ಕ್ರೀಮು ಹಚ್ಚುವವಳಲ್ಲ ನಮ್ಮಮ್ಮ ಓಟಿಲಿಯಾ. ಊರೆಲ್ಲ ಅವಳನ್ನು ನಂಬುವುದು ಆ ಒಂದು ಮಾತಿಗೇ.

ಶುಕ್ರವಾರ ಯೊಕಿ ಕರೆಯುವ ಮೊದಲೇ ಬಂದು ಕುರ್ಚಿಯಲ್ಲಿ ಕೂತಳು. ಅಳಲಿಲ್ಲ, ಕೊಸರಾಡಲಿಲ್ಲ. ಔಷಧಿ ಅಂಗಡಿಗೆ ರಜ ಹೇಳಿ ಬಾಗಿಲಿಗೆ ಒರಗಿ ನಿಂತಿದ್ದೆ, ಅಮ್ಮನ ಜೊತೆ ಕೊನೆಯ ಜಗಳ ಆಡಲೆಂದೇ. ಕ್ರುಸೀತಾ ಡ್ರೈಯರಿನ ಕೆಳಗೆ ಕೂತಿದ್ದಳು. ಇನ್ನೆರಡು ರೋಲರ್ ತಲೆಗಳು ಬೆಂಚಿನ ಮೇಲೆ. ಅಮ್ಮ ಕೈಗವಸು ತೊಟ್ಟು, ಬಟ್ಟಲಿನಲ್ಲಿ ಕ್ರೀಮು ಕಲಸಿ, ಚೂಪು ಬಾಲದ ಬಾಚಣಿಗೆಯಿಂದ ಮೊದಲ ಬೈತಲೆ ತೆಗೆದಳು.

ಅಲ್ಲಿಗೇ ಅವಳ ಕೈ ನಿಂತಿತು. ಇನ್ನೊಂದು ಬೈತಲೆ ತೆಗೆದಳು, ಮತ್ತೊಂದು. ನಾನು ಹತ್ತಿರ ಹೋಗಿ ನೋಡಿದೆ. ನೂರಿಸ್, ಮಗುವಿನ ನೆತ್ತಿಯ ತುಂಬ ಗೀರುಗಳು. ಕೆಂಪಗೆ, ಕೆಲವು ಇನ್ನೂ ಹಸಿಯಾಗಿ. ಅದು ನಿದ್ದೆಗಣ್ಣಿನಲ್ಲಿ ಕೆರೆದುಕೊಂಡದ್ದಲ್ಲ. ಹಣೆಯಿಂದ ಹೆಕ್ಕತ್ತಿನವರೆಗೆ ಒಂದು ಜಾಗವನ್ನೂ ಬಿಡದೆ ಬಾಚಣಿಗೆಯ ಹಲ್ಲಿನಿಂದ ಎಳೆದಿದ್ದಳು.

"ಯಾರು ಮಾಡಿದ್ದು?" ಅಮ್ಮ ಬಾಚಣಿಗೆ ಕೆಳಗಿಟ್ಟು ಕೇಳಿದಳು.

"ನಾನೇ."

"ಯಾಕೇ?"

"ಗಾಯ ಇರೋ ತಲೆಗೆ ನೀನು ಹಚ್ಚಲ್ಲ ಅಂತ ಗೊತ್ತಿತ್ತು ಅಜ್ಜಿ. ಬೇಡ ಬೇಡ ಅಂದ್ರೆ ಯಾರೂ ಕೇಳಲ್ಲ. ಗಾಯ ಆದ್ರೆ ಕೇಳ್ತೀಯ."

ಡ್ರೈಯರಿನ ಕೆಳಗೆ ಏನೂ ಕೇಳಿಸದ ಕ್ರುಸೀತಾ ಊರಿಗೆಲ್ಲ ಕೇಳುವ ಹಾಗೆ ಕಿರುಚಿದಳು, "ಏನಾಯ್ತು? ಹೇನಾ?" ಬೆಂಚಿನವರು ಕೈಸನ್ನೆ ಮಾಡಿ ಹೇಳಿದ ಮೇಲೆ ತಲೆ ಈಚೆ ಹಾಕಿ, "ಅಯ್ಯೋ, ಅಷ್ಟೇನಾ? ವ್ಯಾಸಲೀನ್ ದಪ್ಪಗೆ ಬಳ್ದು ಹಚ್ಬಿಡು ಓಟಿಲಿಯಾ. ಸ್ವಲ್ಪ ಉರಿ ತಡ್ಕೋತಾಳೆ. ನಾವೆಲ್ಲ ತಡ್ಕೊಂಡಿಲ್ವಾ?" ಎಂದಳು.

ಅಮ್ಮ ಬಟ್ಟಲಿನ ಕಡೆ ನೋಡಿದಳು. ಬ್ರಷ್ಷು ಎತ್ತಿದಳು. ಆಣೆ ಮಾಡಿ ಹೇಳುತ್ತೇನೆ, ಆ ಗಳಿಗೆಯಲ್ಲಿ ಅವಳು ಹಚ್ಚಿಯೇ ಬಿಡುತ್ತಾಳೆಂದು ನನಗೆ ಅನಿಸಿತು. ನಾನು ಬಟ್ಟಲಿಗೆ ಕೈ ಹಾಕಿದೆ. "ಒಂದು ಹನಿ ಬಿದ್ರೆ ನೋಡು, ಈ ಬಟ್ಲು ಬೀದೀಲಿರುತ್ತೆ!"

"ಕೈ ತೆಗಿಯೇ. ನಂಗೆ ಕೆಲ್ಸ ಕಲಿಸೋಕೆ ಬಂದ್ಲು."

"ಅಮ್ಮಾ!"

"ತೆಗಿ ಅಂದೆ."

ಯೊಕಿ ಕಣ್ಣು ಮುಚ್ಚಿಕೊಂಡಿದ್ದಳು. ಮುಚ್ಚಿಕೊಂಡೇ ಹೇಳಿದಳು, "ಅಮ್ಮ ಬಿಟ್ಟು ಹೋಗೋಕ್ ಮುಂಚೆ ಹಚ್ಚಿದ್ರಿ. ಈಗ ಕರೆಸ್ಕೊಳ್ಳೋಕ್ ಮುಂಚೆನೂ ಹಚ್ತೀರಿ."

ನಿಜ ತಾನೆ? ನೀನು ಹೊರಟ ವಾರವೇ ಅವಳ ಮೊದಲ ಕ್ರೀಮು. ತಾಯಿಯಿಲ್ಲದ ಮನೆಯಲ್ಲಿ ಆ ಗಂಟು ಬಿಡಿಸುವವರು ಯಾರು ಎಂದು ನೀನೂ ಅಮ್ಮನೂ ಮಾತಾಡಿಕೊಂಡಿರಿ. ತಪ್ಪೆಂದು ನಾನು ಹೇಳುತ್ತಿಲ್ಲ. ಎಲ್ಲ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಆದರೆ ಆಗ ಏಳು ವರ್ಷದವಳಾಗಿದ್ದ ಮಗುವಿಗೆ ಆ ಉರಿಯೂ ನೀನು ಹೋದದ್ದೂ ಒಂದೇ ಆಗಿ ಕೂತುಬಿಟ್ಟಿದೆ.

ಅಮ್ಮ ಬ್ರಷ್ಷು ಕೆಳಗಿಟ್ಟಳು. ಕೈಗವಸು ಕಳಚಿ ಬಟ್ಟಲಿನೊಳಗೇ ಎಸೆದಳು. ಬಾಗಿಲ ಬಳಿಯ ಡಬ್ಬಿಯಲ್ಲಿ ನೆಟ್ಟ ಲೋಳೆಸರ ಮುರಿದು ತಂದು, ಸಿಗಿದು, ಬರಿಗೈಯಿಂದ ಮಗುವಿನ ನೆತ್ತಿ ಮುಟ್ಟಿದಳು. ಯೊಕಿ ಕತ್ತು ಒಳಕ್ಕೆಳೆದುಕೊಂಡು ಬೆಚ್ಚಿದಳು, ಉರಿಗೆ ಕಾಯುವವಳ ಹಾಗೆ. ಅದನ್ನು ಕಂಡು ಅಮ್ಮನ ಮುಖ ಹೇಗಾಯಿತೆಂದು ನಿನಗೆ ಬರೆಯಲಾರೆ. ನನಗೆ ಆಗ ಹೊಳೆಯಿತು: ನಮ್ಮ ಯಾರ ತಲೆಯನ್ನೂ ಅಮ್ಮ ಕೈಗವಸಿಲ್ಲದೆ ಮುಟ್ಟಿದ್ದು ನನಗೆ ನೆನಪಿಲ್ಲ.

ತುಂಬ ಹೊತ್ತು ಲೋಳೆ ಸವರಿದಳು. ಬೆರಳಿಗೆ ಒಂದು ಸುರುಳಿ ಸುತ್ತಿಕೊಂಡು, ಬಿಟ್ಟು, ಮತ್ತೆ ಸುತ್ತಿಕೊಂಡು, "ಇದು ನಮ್ಮಮ್ಮಂದು" ಎಂದಳು. ಎಡ್ನಾ ಅಜ್ಜಿಯ ಕೂದಲಂತೆ. ಕಬ್ಬು ಕಡಿಯಲು ಹಡಗಿನಲ್ಲಿ ಇಲ್ಲಿಗೆ ಬಂದವರ ಮಗಳು, ಫೋಟೋದಲ್ಲೆಲ್ಲ ಟೋಪಿ ಹಾಕಿಕೊಂಡೇ ಇರುತ್ತಾಳಲ್ಲ, ಅವಳದು. ಆ ಟೋಪಿಯ ಕೆಳಗೇನಿತ್ತೆಂದು ನಾವು ಯಾವತ್ತಾದರೂ ಕೇಳಿದ್ದೇವಾ? ಅಷ್ಟರಲ್ಲಿ ಅಮ್ಮನಿಗೆ ಎಲ್ಲರೂ ನೋಡುತ್ತಿದ್ದಾರೆಂದು ಅರಿವಾಗಿ, "ಏನ್ ನೋಡ್ತೀರಿ, ನಾಟಕನಾ? ಗಾಯ ವಾಸಿಯಾಗ್ಲಿ ಅಂತ ಅಷ್ಟೇ. ನಾನೇನೂ ಒಪ್ಪಿಲ್ಲ" ಎಂದು ಗದರಿದಳು.

ಒಪ್ಪಿದ್ದಾಳೆ. ನಿನ್ನೆ ಸಂಜೆ ಯೊಕಿಯ ಮುಂದೆ ಮಂಡಿಯೂರಿ, ಆ ನೋಯುವ ಸೊಂಟ ಇಟ್ಟುಕೊಂಡು, "ಕ್ರೀಮು ಇಲ್ಲ ಮಗಾ, ಹೀಗೇ ಹೋಗು, ಹೋಗ್ತೀಯ ತಾನೆ?" ಎಂದು ಕೇಳಿದಳು. ಯೊಕಿ ಅಜ್ಜಿಯ ಕೊರಳು ತಬ್ಬಿ ಅತ್ತಳು. ಅತ್ತು ಮುಗಿಸಿ, "ಆದ್ರೂ ಹೋಗಲ್ಲ" ಎಂದಳು.

ನನಗೆ ಬುದ್ಧಿಯೇ ಓಡುತ್ತಿಲ್ಲ. ಹೊಸ ಶಾಲೆಯ ಭಯವೋ, ಚಳಿಯ ಭಯವೋ. ಸೂಟ್‌ಕೇಸು ಮಂಚದ ಕೆಳಗೆ ಖಾಲಿಯಾಗಿಯೇ ಇದೆ. ನೀನು ಅವಳಿಗೆಂದು ಕೊಂಡ ಹೊಸ ಮಂಚದ ಫೋಟೋ ಕಳಿಸಿದ್ದೆಯಲ್ಲ, ಅದನ್ನು ದಿನಾ ತೆಗೆದು ನೋಡುತ್ತಾಳೆ. ಬರಲು ಇಷ್ಟವಿಲ್ಲದವಳು ಹಾಗೆ ನೋಡುತ್ತಾಳಾ?

ಇವತ್ತಿಗೆ ಇಷ್ಟು. ಊಟ ಬಿಡಬೇಡ, ಬರೀ ಬ್ರೆಡ್ಡು ತಿಂದು ಮಲಗಬೇಡ. ಆಲ್ತಾಗ್ರಾಸಿಯಾ ಮಾತೆ ನಿನ್ನ ಮೊಣಕಾಲನ್ನೂ ಮನಸ್ಸನ್ನೂ ಕಾಯಲಿ. ಅಮ್ಮನ ಆಶೀರ್ವಾದ ಯಾವಾಗಲೂ ನಿನ್ನ ತಲೆಯ ಮೇಲಿದೆ. ನನ್ನದೂ ಇದೆ, ಬೇಕಾದರೆ ಇಟ್ಟುಕೋ.

ನಿನ್ನ ಅಕ್ಕ,
ದೆಯಾನಿರಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಯೊಕಿಯ ಪಕ್ಕದಲ್ಲಿ ಹೋಗಿ ಕೂತೆ. ಹೇಳಿದಳು. ತಾಯಂದಿರ ಹಬ್ಬದ ದಿನ ನೀನು ಫೋನು ಮಾಡಿದ್ದು ನೆನಪಿದೆಯಾ? ಪರದೆಯಲ್ಲಿ ನನ್ನ ತಲೆ ಕಂಡು ನೀನು, "ಅಯ್ಯೋ ಅಕ್ಕಾ, ಆ ತಲೆ ಹೊತ್ಕೊಂಡು ಇಲ್ಲಿಗೆ ಬಂದ್ರೆ, ವಿಮಾನ ನಿಲ್ದಾಣದಲ್ಲಿ ನೀನು ಯಾರು ಅಂತ ನಂಗೊತ್ತೇ ಇಲ್ಲ ಅಂದ್ಬಿಡ್ತೀನಿ" ಎಂದೆ. ನಾನೂ ನಕ್ಕೆ, ತಮಾಷೆಗೇನು ಬರ ನಮಗೆ. ಆಗ ಯೊಕಿ ನನ್ನ ಬೆನ್ನ ಹಿಂದೆಯೇ ಇದ್ದಳು. ಆವತ್ತು ಅವಳು ನಿಜವಾಗಿಯೂ ತಲೆಗೆ ನೀರು ಹಾಕಿಕೊಂಡಿದ್ದಳು. ನಿನ್ನ ಮುಂದೆ ಟವೆಲು ಬಿಚ್ಚಿ ತೋರಿಸಬೇಕೆಂದು ಬೆಳಗಿನಿಂದ ಕಾದಿದ್ದಳು, ನಿನಗೆ ಹಬ್ಬದ ಉಡುಗೊರೆ ಅಂತ. ನಿನ್ನ ಮಾತು ಕೇಳಿ ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಮುಂದೆ ಬಂದಳು. ಈಗ ನನ್ನನ್ನು ಕೇಳುತ್ತಿದ್ದಾಳೆ: "ಗೊತ್ತಿಲ್ಲ ಅಂದ್ಬಿಟ್ರೆ, ಅಲ್ಲಿಂದ ನನ್ನ ವಾಪಸ್ ಯಾರು ಕರ್ಕೊಂಡ್ಬರ್ತಾರೆ ದೊಡ್ಡಮ್ಮ?"

ಮುಂದಿನ ಭಾನುವಾರವೂ ಅವಳು ಟವೆಲು ಸುತ್ತಿಕೊಂಡೇ ಬರುತ್ತಾಳೆ. ಬಿಚ್ಚು ಎಂದು ನಾನು ಹೇಳುವುದಿಲ್ಲ, ಅಮ್ಮನೂ ಹೇಳುವುದಿಲ್ಲ. ನೀನೇ ಹೇಳು. ಬಿಚ್ಚಿದ ಮೇಲೆ ಅವಳು ಬೇರೇನನ್ನೂ ನೋಡುವುದಿಲ್ಲ, ನಿನ್ನ ಮುಖವನ್ನೇ ನೋಡುತ್ತಾಳೆ.