ಟಿಕೆಟ್ ಕೊಂಡು ನಕ್ಕವರು

ಐನ್ ಖಾಲಿದ್, ದೋಹಾ
೨೪ ನವೆಂಬರ್ ೨೦೨೪

ಪ್ರಿಯ ವೆಂಕಟರಾಮು,

ನಾಟಕ ಹೇಗಾಯಿತು ಎಂದು ನೀನು ಎರಡು ಸಲ ಮೆಸೇಜು ಮಾಡಿದರೂ ಉತ್ತರಿಸಲಿಲ್ಲ, ಬೇಸರಿಸಬೇಡ. ವಾಟ್ಸಾಪಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಈ ಕಾಗದ. ನಾನೂ ನಿನ್ನ ಅತ್ತಿಗೆ ನೀಲಕ್ಕನೂ ಆರೋಗ್ಯವಾಗಿದ್ದೇವೆ. ಇಲ್ಲಿ ಚಳಿ ಶುರುವಾಗಿದೆ. ಅವಳು ಬಾಲ್ಕನಿಯಲ್ಲಿ ಮೆಂತ್ಯ ಹಾಕಿದ್ದಾಳೆ.

ಕಳೆದ ವಾರ ನಮ್ಮ ಕನ್ನಡ ಸಂಘದ ಮಾನಸಿಕ ಆರೋಗ್ಯ ಜಾಗೃತಿ ಸಂಜೆ ಇತ್ತು, ಟಿಕೆಟ್ಟು ಇಟ್ಟಿದ್ದರು. ಮಗಳು ಶಿವರಂಜನಿ ಆಸ್ಪತ್ರೆಯಿಂದ ಬಂದ ಮೇಲೆ ಜನರ ನಡುವೆ ಹೋದದ್ದು ಅದೇ ಮೊದಲು. "ಅಲ್ಲಿ ಯಾರೂ ನಿನ್ನ ನೋಡಿ ನಗಂಗಿಲ್ಲವ್ವಾ" ಎಂದು ಒಪ್ಪಿಸಿ ಕರೆದುಕೊಂಡು ಹೋದೆ.

ಮೊದಲು ಡಾಕ್ಟರ್ ಲೊರ್ನಾ ಮಾತಾಡಿದರು. ಹಿಂದೆ ಲಂಡನ್ನಿನ ಹುಚ್ಚಾಸ್ಪತ್ರೆಗೆ ಜನ ಕಾಸು ಕೊಟ್ಟು ಹೋಗಿ, ಸರಪಳಿಯಲ್ಲಿದ್ದ ರೋಗಿಗಳನ್ನು ನೋಡಿ ನಗುತ್ತಿದ್ದರಂತೆ. ಸರಪಳಿ ಬಿಚ್ಚಿಸುವ ಹೋರಾಟ ಆಮೇಲಿನದು. ಮೊದಲು ನಿಂತದ್ದು ಕಾಸು ಕೊಟ್ಟು ನೋಡುವ ಈ ಚಾಳಿಯಂತೆ. ಸಭೆಯೆಲ್ಲ "ಛೇ ಛೇ" ಎಂದಿತು. ಪಕ್ಕದಲ್ಲಿದ್ದ ರೋಶನ್, "ಎಂಥ ಜನ ಮಾರಾಯ್ರೆ!" ಅಂದ.

ಚಪ್ಪಾಳೆ ನಿಲ್ಲುವ ಮೊದಲೇ ನಿನ್ನ ಪ್ರಹಸನ, 'ಹುಚ್ಚಾಸ್ಪತ್ರೆಯ ಬೀಗರು' ಶುರುವಾಯಿತು. ರೋಗಿಗಳ ಪಾತ್ರದವರಿಗೆ ಕೆದರಿದ ವಿಗ್ಗು, ಕೊರಳಿಗೆ ಟೂತ್‌ಬ್ರಷ್ಷುಗಳ ಮಾಲೆ. ಅದೇ ಜನ, ಅದೇ ಟಿಕೆಟ್ಟು. ಬಿದ್ದು ಬಿದ್ದು ನಕ್ಕರು. ರೋಶನ್ ಕಣ್ಣೊರೆಸಿಕೊಂಡು ನಕ್ಕ. ಡಾಕ್ಟರು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಇಂಥ ಸಂಜೆ ಈ ನಾಟಕ ಬೇಕಿತ್ತೇ ಎಂದು ಸಂಘದ ಕಾರ್ಯದರ್ಶಿ ರಿಯಾಝ್‌ನನ್ನು ಕೇಳಿದೆ. "ಕಾಮಿಡಿ ಇಲ್ಲಾಂದ್ರೆ ಡಾಕ್ಟರ್ ಭಾಷಣಕ್ಕೆ ಯಾರು ಬರ್ತಾರೆ ಶೇಖಣ್ಣ? ಖಲಾಸ್, ಬಿಟ್ಬಿಡಿ" ಅಂದ. ಹೊಸ ವರ್ಷಕ್ಕೆ ಅಲ್ ಸದ್ದ್ ಬಡಾವಣೆಯಲ್ಲಿ ಮತ್ತೆ ಆಡುತ್ತಾರಂತೆ. ಬರೆದವನು ನೀನು. ನೀನು ಬೇಡವೆಂದರೆ ನಿಲ್ಲುತ್ತದೆ. ದಯವಿಟ್ಟು ಬೇಡ ಎನ್ನು.

ನಿನ್ನಾಕೆ ಸೀಮಾಳ ಮಂಡಿನೋವು ಇಳಿಯಲಿ. ಮೊಮ್ಮಗ ಕೃತಿಕ್‌ಗೆ ಈ ಅಜ್ಜನ ಆಶೀರ್ವಾದ ಹೇಳು. ಯಾರೆದುರೂ ತಲೆ ತಗ್ಗಿಸದೆ ಬೆಳೆಯಲಿ.

ನಿನ್ನ,
ಶೇಖಪ್ಪ

ತಾ.ಕ.: ನಿನ್ನ ನಾಟಕದ ಹುಡುಗಿ ಉಣ್ಣುವ ಮೊದಲು ತಟ್ಟೆಯ ಅಂಚನ್ನು ದುಪಟ್ಟಾದಿಂದ ಒರೆಸುತ್ತಲೇ ಇರುತ್ತಾಳೆ. ಜನ ಎಲ್ಲಕ್ಕಿಂತ ಹೆಚ್ಚು ನಕ್ಕಿದ್ದು ಅದಕ್ಕೇ. ನೀನು ದೋಹಾ ಬಿಡುವ ಮುನ್ನ ನಮ್ಮ ಮನೆಯಲ್ಲಿ ಉಂಡ ದಿನ ನಿನ್ನ ಎದುರು ಕೂತು ಹಾಗೇ ಒರೆಸುತ್ತಿದ್ದವಳು ಶಿವರಂಜನಿ. ನನಗಿಂತ ಮೊದಲು ಅವಳಿಗೇ ಗುರುತು ಸಿಕ್ಕಿತು. ಮನೆಗೆ ಬರುವಾಗ ಕಾರಿನಲ್ಲಿ ಕೇಳಿದಳು: "ಅಪ್ಪಾ, ಕಾಕಾ ಅವತ್ತು ಉಣ್ಣಾಕ ಬಂದಿದ್ರೋ, ನನ್ನ ನೋಡಾಕ ಬಂದಿದ್ರೋ?" ಈಗ ಅವಳು ನಮ್ಮೆದುರೂ ಉಣ್ಣುವುದಿಲ್ಲ. ತಟ್ಟೆ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.