ವಾಸನೆ ಹೋದ ಮೇಲೆ

ಹಿಂದೂಪುರ
೧೨-೧೦-೨೦೨೫

ಪ್ರೀತಿಯ ಆದಿಲಕ್ಷ್ಮಿ ಅಕ್ಕನಿಗೆ,

ನಿನ್ನ ತಂಗಿ ಶೋಭಾ ಮಾಡುವ ನಮಸ್ಕಾರಗಳು. ಕಲ್ಯಾಣದುರ್ಗದಲ್ಲಿ ನೀನು, ಭಾವ, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಎಂಟು ತಿಂಗಳಿಂದ ಉತ್ತರ ಬರೆದಿಲ್ಲ, ಕ್ಷಮಿಸು. ಕೈ ಓಡುತ್ತಿರಲಿಲ್ಲ.

ಮೊದಲು ಒಳ್ಳೆಯ ಸುದ್ದಿ: ನನಗೆ ಗುಣವಾಗಿದೆ. ಎರಡು ವರ್ಷ ಕಾಡಿದ ಬಿಳಿಸೆರಗು, ಆ ಮೀನಿನಂಥ ವಾಸನೆ ಈಗಿಲ್ಲ.

ಅತ್ತೆ ನಿರ್ಮಲಮ್ಮ ನನ್ನನ್ನು ಮಗ್ಗದ ಕೋಣೆಗೇ ಬಿಡುತ್ತಿರಲಿಲ್ಲ. "ರೇಷ್ಮೆಗೆ ನಿನ್ ನಾತ ಹತ್ಕಂಡ್ರೆ ಸೀರೆ ಯಾರ್ ಕೊಳ್ತಾರೆ? ತೊಳ್ಕಂಡ್ ಬಾ ಹೋಗು!" ಎಂದು ಬಂದವರ ಎದುರಿಗೇ ಕೂಗುತ್ತಿದ್ದರು. ಗಾಯ ತೊಳೆಯುವ ಔಷಧಿಯನ್ನು ನೀರಿಗೆ ಬೆರೆಸಿ ದಿನಕ್ಕೆ ಮೂರು ಸಲ ಒಳಗೆಲ್ಲ ತೊಳೆದುಕೊಂಡೆ. ಉರಿಗೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಔಷಧಿ ಅಂಗಡಿಯವರು ಪರೀಕ್ಷೆಯಿಲ್ಲದೆ ಕೊಟ್ಟ ಮಾತ್ರೆಗಳನ್ನು ನುಂಗಿದರೆ ಹತ್ತು ದಿನ ಸುಮ್ಮನಿದ್ದು ಮತ್ತೆ ಬರುತ್ತಿತ್ತು.

ಕೊನೆಗೆ ಒಬ್ಬಳೇ ಲೇಡಿ ಡಾಕ್ಟರ ಹತ್ತಿರ ಹೋದೆ. ಪರೀಕ್ಷೆ ಮಾಡಿಸಿ ಹೇಳಿದರು: "ಒಳಗೆ ಒಳ್ಳೇ ಬ್ಯಾಕ್ಟೀರಿಯಾ ಇರ್ತಾವಮ್ಮ, ಕಾವಲು ಕಾಯೋವು. ತೊಳ್ದೂ ತೊಳ್ದೂ ಅವನ್ನೇ ಸಾಯ್ಸಿದೀಯ. ಇದು ಕೊಳಕಲ್ಲ ಕಣಮ್ಮ, ನಿನ್ ತಪ್ಪೂ ಅಲ್ಲ." ಅಲ್ಲೇ ಅತ್ತುಬಿಟ್ಟೆ. ಒಂದು ವಾರ ಔಷಧಿ, ಆಮೇಲೆ ಕೆಲವು ತಿಂಗಳು ಒಳ್ಳೆಯ ಬ್ಯಾಕ್ಟೀರಿಯಾದ ಗುಳಿಗೆ ಒಳಗಿಡಬೇಕು, ಹೊರಗೆ ಮಾತ್ರ ಬರೀ ನೀರಿನಲ್ಲಿ ತೊಳೆಯಬೇಕು, ಗಂಡನೂ ಒಂದು ವಾರ ಮಾತ್ರೆ ನುಂಗಿ ಮುಲಾಮು ಹಚ್ಚಬೇಕು, ಇಲ್ಲದಿದ್ದರೆ ಅವರಿಂದಲೇ ಮತ್ತೆ ಬರುತ್ತದೆ ಎಂದರು.

ನಮ್ಮವರು ಚೀಟಿ ನೋಡಿ ನಕ್ಕರು. "ನಂಗೇನ್ ರೋಗ ಬಂದೈತೆ? ಗಂಡಸು ಮುಲಾಮು ಹಚ್ಕಂಡ್ ಕೂತ್ಕಾಬೇಕಾ?" ಎಂದು ಹರಿದೆಸೆದರು. ಕಾಯಿಲೆ ಮರುಕಳಿಸಿತು. ಮತ್ತೆ ಔಷಧಿ ಶುರು ಮಾಡಿ, ಗುಣವಾಗುವವರೆಗೆ ಹತ್ತಿರ ಬರಬೇಡಿ ಎಂದೆ. ಆ ತಿಂಗಳೇ ಪಂಚಾಯ್ತಿ ಸೇರಿಸಿ ನನ್ನನ್ನು ಹೊರಗೆ ಹಾಕಿದರು. ಐದು ವರ್ಷದ ಮಗಳು ಹರಿತಾಳನ್ನು ಇಟ್ಟುಕೊಂಡರು.

ಈಗ ಈರಕ್ಕ ಎನ್ನುವವರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಅವರದೇ ಮಗ್ಗದಲ್ಲಿ ನೇಯುತ್ತೇನೆ. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಡಾಕ್ಟರು ಹೇಳಿದಂತೆ ಮಾಡಿದೆ. ಹೋದ ವಾರ ರಿಪೋರ್ಟು ಸರಿಯಾಗಿ ಬಂತು. ಅದನ್ನು ಹಿಡಿದು ಮಗಳನ್ನು ಕೇಳಲು ಹೋದೆ. ಅತ್ತೆ ಕೈಗೇ ತೆಗೆದುಕೊಳ್ಳಲಿಲ್ಲ. ಹರಿತಾ ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡು, "ಅಮ್ಮಾ, ಹತ್ರ ಬರ್ಬ್ಯಾಡ. ನಾತ ಅಂಟ್ಕಂತೈತಂತೆ" ಎಂದಳು.

ಭಾವನಿಗೆ ನಮಸ್ಕಾರ. ನಿನ್ನ ಹೆಣ್ಣುಮಕ್ಕಳು ನೂರು ಕಾಲ ಚೆನ್ನಾಗಿರಲಿ. ಅವರಿಗೇನಾದರೂ ತೊಂದರೆಯಾದರೆ ಬೈಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ನಿನ್ನ ತಂಗಿ,
ಶೋಭಾರಾಣಿ

ತಾ.ಕ.: ಪಂಚಾಯ್ತಿಯಲ್ಲಿ ಹಿರಿಯರಾದ ಕೇಶವಯ್ಯನವರು ನನ್ನ ಪರವಾಗಿದ್ದರು. "ಕಾಯ್ಲೆ ಬಂತು ಅಂತ ಹೆಂಡ್ತೀನ ಬಿಡೋಕಾಯ್ತದೇನ್ಲಾ ತಿರುಮಲೇಶ?" ಎಂದು ನಮ್ಮವರನ್ನು ಗದರಿದರು. ಆಗ ನಮ್ಮವರು ಫೋನು ತೆಗೆದು, ನೀನು ಅವರಿಗೆ ನಿನ್ನ ದನಿಯಲ್ಲೇ ಕಳಿಸಿದ್ದ ಮಾತನ್ನು ಎಲ್ಲರಿಗೂ ಕೇಳಿಸಿದರು: "ಮದ್ವೆಗೂ ಮುಂಚೇನೇ ಅವ್ಳಿಗಿತ್ತು ಕಣಪ್ಪ, ಎಲ್ಲಿ ಹತ್ತಿಸ್ಕಂಡ್ಳೋ. ನಮ್ಮನೇಗ್ ಮಾತ್ರ ಕಳಿಸ್ಬ್ಯಾಡ, ನಂಗೂ ಹೆಣ್ಮಕ್ಳವ್ರೆ." ನಾನು ಹದಿನೈದು ವರ್ಷದವಳಿದ್ದಾಗ, ತುರಿಕೆ ತಡೆಯಲಾರದೆ ಅತ್ತು ಹೇಳಿಕೊಂಡಿದ್ದು ನಿನ್ನೊಬ್ಬಳ ಹತ್ತಿರ. ಕೇಶವಯ್ಯನವರು ಟವಲ್ಲು ಕೊಡವಿ ಎದ್ದು ಹೋದರು. ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡದ್ದು ಆಗಲೇ, ಅಕ್ಕ.