ನೌಕೆಯ ಮೂಗಿಗೆ ಕೈ ಹಾಕಬೇಡ

ಅಣ್ಣಾ,

ನೀನು ಏಳುವ ಮೊದಲೇ ಕೆಲಸಕ್ಕೆ ಹೊರಟಿದ್ದೇನೆ. ಹೆದರಿ ಅಲ್ಲ. ಸರಿ, ಸ್ವಲ್ಪ ಹೆದರಿಯೇ.

ಆಟಿಕೆ ಬ್ಲಾಕ್‌ಗಳಿಂದ ಕಟ್ಟಿದ ನಮ್ಮ ಹಳೆಯ ಬಾಹ್ಯಾಕಾಶ ನೌಕೆ ಊಟದ ಮೇಜಿನ ಮೇಲಿದೆ. ಮೂಗಿಗೆ ಮಾತ್ರ ಕೈ ಹಾಕಬೇಡ, ಇನ್ನೂ ಸಡಿಲ. ನೋಡಿದ ಕೂಡಲೇ ನೀನು ಮೂಗು ಮುರಿಯುತ್ತೀ ಅಂತ ಗೊತ್ತು. ಮುರಿಯಲೇಬೇಕಾದರೆ ನಿನ್ನದು ಮುರಿ, ಅದರದ್ದು ಬೇಡ.

ನಿನ್ನೆ ನಾನು ಅದನ್ನು ಬಿಚ್ಚಿ ಹರಡಿದ್ದು ನೋಡಿ "ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಅಂದೆಯಲ್ಲ, ಥೇಟ್ ಅಪ್ಪನ ಧ್ವನಿ. ಮಿಮಿಕ್ರಿ ನನ್ನ ಇಲಾಖೆ, ಅದಕ್ಕೂ ಕೈ ಹಾಕಬೇಡ. ಆಮೇಲೆ ನೀನು ಊಟಕ್ಕೂ ಬರದೆ ಕದ ಹಾಕಿಕೊಂಡೆ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಎತ್ತಿದಾಗಲೆಲ್ಲ ನಡು ಮುರಿದುಕೊಳ್ಳುತ್ತಿದ್ದ ನೌಕೆಗೆ ಈಗ ಬೆನ್ನು ಗಟ್ಟಿಯಾಗಿದೆ. ತೆಗೆದ ಬ್ಲಾಕ್‌ಗಳೆಲ್ಲ ಬಿಸ್ಕತ್ ಡಬ್ಬಿಯಲ್ಲಿವೆ, ಒಂದನ್ನೂ ಎಸೆದಿಲ್ಲ.

ಹಾಲು ಕಾಯಿಸಿಟ್ಟಿದ್ದೇನೆ. ಕೋಪ ನನ್ನ ಮೇಲಿರಲಿ, ಹಾಲಿನ ಮೇಲೆ ಬೇಡ.

ಮುಂದಿನ ಸೀಟು ನಿನ್ನದೇ, ಅಲುಗಿಸಿಲ್ಲ. ಅದರ ಹಿಂದೆ ಇನ್ನೊಂದು ಸೀಟು ಕೂಡಿಸಿದ್ದೇನೆ. ಚಿಕ್ಕಂದಿನಲ್ಲಿ ಯಾವಾಗಲೂ ನೀನು ಪೈಲಟ್, ನಾನು ನೆಲದ ಮೇಲೆ ಕೂತು "ಘುರ್ರ್" ಅನ್ನುವ ಎಂಜಿನ್. ಗಂಟಲಿಗೆ ಸಾಕಾಗಿದೆ ಅಣ್ಣಾ, ನನಗೂ ಹತ್ತಬೇಕು.

ಈ ಚೀಟಿ ಹಾರದ ಹಾಗೆ ಮೇಲಿಟ್ಟಿರುವ ಕೆಂಪು ಬೊಂಬೆ ನಾನೇ. ಒಪ್ಪಿಗೆಯಿದ್ದರೆ ಹಿಂದಿನ ಸೀಟಿನಲ್ಲಿ ಕೂರಿಸು. ಇಲ್ಲವಾದರೆ ಬೊಂಬೆ ಇಲ್ಲೇ ಇರಲಿ. ಸಂಜೆ ಬಂದು ಡಬ್ಬಿ ತೆಗೆದು, ನೌಕೆಯನ್ನು ಮೊದಲಿನ ಹಾಗೇ ಮಾಡಿಕೊಡುತ್ತೇನೆ. ಎಂಜಿನ್ ಸದ್ದು ಮಾತ್ರ ಇನ್ನು ಕೇಳಬೇಡ.

ತಂಗಿ